ಹಿದಾಯತ್ ತೊಳೆದ ಒಂಬತ್ತು ಡಿಸ್ಕು

ಕೊಟ್ರವ್ವ ಹಿದಾಯತನ ಹೆಸರು ಮೊದಲು ಕೇಳಿದ್ದೇ ಬೈಗುಳದ ಜೊತೆಗೆ. ಎಂಬತ್ತಾರರ ಯುಗಾದಿ ಮುಗಿದ ಮೂರನೇ ದಿನ. ಅವಳು ದಾವಣಗೆರೆಯ ಹತ್ತಿ ಗಿರಣಿಯೊಂದರ ಆಫೀಸಿನಲ್ಲಿ ಕಸ ಹೊಡೆಯುತ್ತಿದ್ದಳು. ಹಿಂದಿನ ವರ್ಷ ಮುಂಬಯಿಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ತರಿಸಿದ್ದ ಕಂಪ್ಯೂಟರು ಅಂದು ಬೆಳಗಿನಿಂದ ಕಣ್ಣು ಬಿಟ್ಟಿರಲಿಲ್ಲ. ಹೆಡ್ ಗುಮಾಸ್ತ ವಾಮದೇವಪ್ಪ ಅದರ ನೆತ್ತಿಯ ಮೇಲೆ ಎರಡು ಗುದ್ದಿ, ಕೈ ನೋಯಿಸಿಕೊಂಡು ಕೂತಿದ್ದ.

"ಹರಿಹರದಾಗೆ ಹಿದಾಯತ್ ಅಂತ ಒಬ್ಬ ಅದಾನಂತೆ, ಟೈಪ್‌ರೈಟರ್ ರಿಪೇರಿಯವ. ಮನಿಗೋದ್ರೆ ಮನ್ಯಾಗಿಲ್ಲ, ಅಂಗಡಿಗೋದ್ರೆ ಅಂಗಡ್ಯಾಗಿಲ್ಲ. ಎಲ್ಲಿ ಹಾಳಾಗಿ ಹೋಗ್ಯಾನೋ ಬಡ್ಡೀಮಗ!"

ಬಡ್ಡೀಮಗ ಮರುದಿನ ಬಂದ. ನಲವತ್ತು ದಾಟಿದ ಸಣಕಲು ಮನುಷ್ಯ, ಜೇಬಿನಲ್ಲಿ ಹಲ್ಲುಜ್ಜುವ ಬ್ರಷ್ಷು. ಅಪ್ಪ ಮಸ್ತಾನಸಾಬ್ ಹರಿಹರದ ಬೀದಿಯಲ್ಲಿ ಸ್ಟೌವು, ಪೆಟ್ರೋಮ್ಯಾಕ್ಸ್ ರಿಪೇರಿ ಮಾಡುತ್ತಿದ್ದವನು. ಮಗ ಅಲ್ಲಿಂದ ಟೈಪ್‌ರೈಟರಿಗೆ ಏರಿದ್ದ. ಕಂಪ್ಯೂಟರನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಹಳೇ ಇಂಗ್ಲಿಷ್ ಪುಸ್ತಕ ತರಿಸಿ, ಒಂದೊಂದು ಪದಕ್ಕೂ ಪೋಸ್ಟ್ ಮಾಸ್ತರರನ್ನು ಕಾಡಿ ಓದಿದ್ದನಂತೆ. ಅವನು ಮುಚ್ಚಳ ಬಿಚ್ಚಿ ಬ್ರಷ್ಷಿನಿಂದ ಹತ್ತಿಯ ಧೂಳು ತೆಗೆದ. ಕಂಪ್ಯೂಟರು ಕಣ್ಣು ಬಿಟ್ಟಿತು.

ಅಂದಿನಿಂದ ವಾರಕ್ಕೆರಡು ದಿನ ಬರತೊಡಗಿದ. ಕೊಟ್ರವ್ವ ಬಾಗಿಲಲ್ಲಿ ನಿಂತರೆ ಉಳಿದವರಂತೆ ಅವನು "ಆಚೆ ಹೋಗು" ಅನ್ನುತ್ತಿರಲಿಲ್ಲ. "ಬರ್ರಿ, ಚಪ್ಪಲಿ ಬಿಟ್ಟು ಬರ್ರಿ, ಇದು ನಿಮ್ಮ ಅಡಿಗಿಮನಿ ಇದ್ದಂಗೆ" ಅನ್ನುತ್ತಿದ್ದ. ಗಂಡ ಸತ್ತ ಮೇಲೆ ಅವಳನ್ನು ಬಹುವಚನದಲ್ಲಿ ಕರೆದವರು ಆ ಗಿರಣಿಯಲ್ಲಿ ಇನ್ನೊಬ್ಬರಿರಲಿಲ್ಲ.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಬದಲಿ ಆಳುಗಳ ಹಾಜರಿ. ಕಾಯಂ ಆಳು ಬಾರದ ದಿನ ಅವನ ಜಾಗಕ್ಕೆ ನಿಲ್ಲುವವರೇ ಬದಲಿಗಳು. ವರ್ಷಕ್ಕೆ ಇನ್ನೂರ ನಲವತ್ತು ದಿನದಂತೆ ಮೂರು ವರ್ಷ ತುಂಬಿಸಿದವರನ್ನು ಕಾಯಂ ಮಾಡುತ್ತೇವೆಂದು ಗಿರಣಿ ಒಪ್ಪಿತ್ತು. ದಿನದ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸಿ ತಿಂಗಳ ಕೊನೆಗೆ ಹರಿದು ಬಾಯ್ಲರಿಗೆ ಹಾಕುತ್ತಿದ್ದರು. ಕೊಟ್ರವ್ವನ ತಮ್ಮ ಸಣ್ಣಬೀರಪ್ಪ ನೂಲಿನ ಖಾತೆಯಲ್ಲಿ ಬದಲಿ. ಆವರಗೆರೆಯಿಂದ ಬೆಳಗಿನ ಜಾವ ನಡೆದು ಬಂದು ಗೇಟಿನಲ್ಲಿ ನಿಂತು, "ಇವತ್ತು ಯಾರಿಗೆ ಜ್ವರ ಬಂದೈತಪ್ಪಾ ದೇವ್ರೇ" ಎಂದು ಕಾಯುವುದೇ ಅವನ ಬದುಕು. ಎಂಬತ್ತೆಂಟರ ದೀಪಾವಳಿಯ ಹೊತ್ತಿಗೆ ಅವನ ಮೂರು ವರ್ಷ ತುಂಬುವುದಿತ್ತು.

ಆ ವರ್ಷ ದಸರೆಯ ಮುಂದೆ ಮಾಲೀಕರ ದೊಡ್ಡ ಆಫೀಸಿನಿಂದ ಹುಕುಂ ಬಂತು: ಬದಲಿಗಳ ಪಟ್ಟಿಯನ್ನು ಇನ್ನು ಹೊಸ ಸಿಸ್ಟಮಿನಲ್ಲೇ ಕಳಿಸಬೇಕು. ಹೊಸ ಕಂಪ್ಯೂಟರು ಕೊಡುವುದಿಲ್ಲ, ಹಳೆಯದಕ್ಕೇ ಹಾಕಿಕೊಳ್ಳಿ.

"ಹಂಗಂದ್ರೇನು ಹಿದಾಯತಣ್ಣ?" ಎಂದು ಕೊಟ್ರವ್ವ ಕೇಳಿದಳು.

"ಸಿಸ್ಟಮ್ ಅಂದ್ರೆ ಮನಿ ನಡೆಸೋ ಹಿರೇಸೊಸಿ ಇದ್ದಂಗ್ರೀ ಕೊಟ್ರವ್ವ. ಈಗ ಹೊಸಾ ಸೊಸಿ ಬರ್ತಾಳೆ. ಹಳೇ ಗಡಿಗಿ, ಹಳೇ ಕಾಳು ಒಂದೂ ಮನ್ಯಾಗೆ ಇರಬಾರ್ದು ಅಂತಾಳೆ. ಎಲ್ಲಾ ಹೊರಗಿಟ್ಟು, ಮನಿ ಸಾರಿಸಿ, ಅವಳನ್ನ ಒಳಗೆ ಕರ್ಕಂಡು, ಆಮ್ಯಾಲೆ ಕಾಳು ವಾಪಸ್ ತರೋದು."

ಕಾಳನ್ನು ಹೊರಗಿಡಲು ಅವನು ಫ್ಲಾಪಿ ಡಿಸ್ಕುಗಳ ಎರಡು ಡಬ್ಬಿ ಕೇಳಿದ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ವಾಮದೇವಪ್ಪ ಹತ್ತು ಡಿಸ್ಕಿನ ಒಂದೇ ಡಬ್ಬಿ ತರಿಸಿದ. "ಎರಡೆರಡು ಸಲ ಬರಿಯಾಕೆ ಇದೇನು ರಾಮಕೋಟಿಯೇನಯ್ಯ?" ಒಂಬತ್ತು ಡಿಸ್ಕಿನಲ್ಲಿ ಮೂರು ವರ್ಷದ ಹಾಜರಿ ಇಳಿಯಿತು. ಹಿದಾಯತ್ ಒಂದೊಂದನ್ನೂ ಓದಿಸಿ ನೋಡಿ ಬೀರುವಿನಲ್ಲಿಟ್ಟ. ಮರುದಿನ ಆಯುಧಪೂಜೆ, ರಜೆ. ಹೊರಡುವಾಗ ಬಾಗಿಲಲ್ಲಿ ತಿರುಗಿ ಹೇಳಿದ: "ಪೂಜಿ ಮಾಡ್ರಿ, ಬ್ಯಾಡ ಅನ್ನಲ್ಲ. ಮಷೀನಿನ ಗಾಳಿಕಿಂಡಿಗೆ ಮಾತ್ರ ಕುಂಕುಮ ಹಾಕಬ್ಯಾಡ್ರಿ."

ಡಿಸ್ಕಿನ ಮಾತು ಅವನೂ ಆಡಲಿಲ್ಲ, ಕೊಟ್ರವ್ವನೂ ಕೇಳಲಿಲ್ಲ.

ಪೂಜೆಯ ದಿನ ವಾಮದೇವಪ್ಪ ಕಂಪ್ಯೂಟರಿಗೆ ಹೂವು ಏರಿಸಿ, ಕುಂಬಳಕಾಯಿ ಒಡೆಸಿ ಮನೆಗೆ ಹೋದ. ಕೊಟ್ರವ್ವ ಒಬ್ಬಳೇ ಉಳಿದಳು. ಮನೆಗೆ ಪೂಜೆ ಆಯಿತು, ಆದರೆ ಕಾಳು ಬೀರುವಿನಲ್ಲಿದೆಯಲ್ಲ, ತಮ್ಮನ ಅನ್ನ ಇರುವುದು ಅಲ್ಲಿ, ಅದಕ್ಕೆ ಪೂಜೆ ಬೇಡವೇ ಎಂದು ಅವಳ ಜೀವ ತಡೆಯಲಿಲ್ಲ. ಒಂಬತ್ತನ್ನೂ ಲಕೋಟೆಯಿಂದ ತೆಗೆದು ಸಾಲಾಗಿ ಇಟ್ಟಳು. ಪ್ರತಿ ಡಿಸ್ಕಿನ ಕಪ್ಪು ಹೊದಿಕೆಯಲ್ಲಿ ಒಂದು ಉದ್ದನೆಯ ಕಿಂಡಿ, ಒಳಗೆ ಹೊಳೆಯುವ ಮೈ. ದೇವರ ಮುಖ ಬಿಟ್ಟು ಪ್ರಭಾವಳಿಗೆ ವಿಭೂತಿ ಹಚ್ಚುವವರುಂಟೇ? ಒದ್ದೆ ಬಟ್ಟೆಯಿಂದ ಆ ಮೈಯನ್ನೇ ಒರೆಸಿದಳು. ಮೂರು ಬೆರಳಲ್ಲಿ ವಿಭೂತಿ ಎಳೆದಳು, ನಡುವೆ ಕುಂಕುಮದ ಬೊಟ್ಟು. ಊದುಬತ್ತಿ ಬೆಳಗಿ, ಒಣಗಿದ ಮೇಲೆ ಸೆರಗಿನಿಂದ ಒರೆಸಿ, ಇದ್ದ ಹಾಗೇ ಇಟ್ಟಳು.

ವಿಜಯದಶಮಿ ಕಳೆದು ಹಿದಾಯತ್ ಬಂದ. ಹಳೆಯದೆಲ್ಲ ಅಳಿಸಿ ಹೊಸ ಸಿಸ್ಟಮ್ ಏರಿಸಿದ. ಅದೇನೋ ಸರಾಗವಾಗಿ ಏರಿತು. ಆಮೇಲೆ ಮೊದಲನೇ ಡಿಸ್ಕು ತೂರಿಸಿದ. ರಾಗಿ ಬೀಸುವ ಕಲ್ಲಿಗೆ ಮರಳು ಬಿದ್ದಂತೆ ಕರಕರ ಸದ್ದು. ಎರಡನೆಯದಕ್ಕೂ ಅದೇ. ಅವನು ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದ, ಕಿಂಡಿಗೆ ಮೂಗು ತಂದ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತವಳ ಹಣೆಯ ಮೇಲಿನ ವಿಭೂತಿ ನೋಡಿದ. ಡಿಸ್ಕನ್ನು ಮೆಲ್ಲಗೆ ಕೆಳಗಿಟ್ಟ.

"ಏನಾತಯ್ಯ?" ಎಂದ ವಾಮದೇವಪ್ಪ.

"ಧೂಳು ಹೊಕ್ಕೈತ್ರಿ ಸರ್."

ವಾಮದೇವಪ್ಪ ಊಟಕ್ಕೆ ಎದ್ದು ಹೋದ ಮೇಲೆ ಕೊಟ್ರವ್ವ ಗೋಡೆಗೆ ಒರಗಿದಳು. "ನನ್ನ ಕೈ ಕಡಿಯಪ್ಪ."

"ಕೈ ಬೇಕು ಈಗ. ಗ್ಯಾರೇಜಿಗೆ ಹೋಗಿ ಬ್ಯಾಟರಿಗೆ ಹಾಕೋ ನೀರು ತಗಂಡು ಬರ್ರಿ. ಓಡ್ರಿ!"

ಬ್ಲೇಡಿನಿಂದ ಹೊದಿಕೆಯ ಅಂಚು ಕೊಯ್ದ. ಒಳಗಿಂದ ಹಪ್ಪಳದಷ್ಟು ತೆಳ್ಳಗಿನ ಕಪ್ಪು ಬಿಲ್ಲೆ ಬಂತು. ಅದನ್ನು ಅಂಚು ಹಿಡಿದು ನೀರಲ್ಲಿ ಅದ್ದಿ, ಬೆರಳ ತುದಿಯಲ್ಲಿ ಸವರಿ, ಅವಳು ಚಾಚಿದ ಮಲ್ಲಿನ ಬಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿದ. ಉಸಿರು ಸಹ ತಾಗದಂತೆ ಅವಳು ಮುಖ ಆಚೆ ತಿರುಗಿಸಿದ್ದಳು. ಉಳಿದಿದ್ದ ಹತ್ತನೇ ಖಾಲಿ ಡಿಸ್ಕಿನ ಹೊದಿಕೆಯೊಳಗೆ ಒಂದೊಂದೇ ಬಿಲ್ಲೆ ಇಟ್ಟು ಓದಿಸತೊಡಗಿದ. ಮೊದಲನೆಯದು ಬಂತು! ಎರಡು, ಮೂರು, ನಾಲ್ಕು ಬಂದವು. ಐದನೆಯದು ಅರ್ಧ ತಾಸು ಒದ್ದಾಡಿ ಬಂತು. ಆರನೆಯದಕ್ಕೆ ಯಂತ್ರದ ಓದುವ ಮುಳ್ಳೇ ಕೆಟ್ಟು, ಅಲ್ಲಿಂದ ತೂರಿಸಿದ ಬಿಲ್ಲೆಗಳನ್ನೆಲ್ಲ ಗೀಚಿತು. ಸ್ಪಿರಿಟ್ಟಿನಲ್ಲಿ ಒರೆಸಿದ, ತಿಕ್ಕಿದ, ಅಲ್ಲಾನನ್ನು ಕರೆದ. ಮಾರನೇ ದಿನ ಬೇರೆ ಮುಳ್ಳು ತಂದು ಹಾಕಿ ನೋಡಿದ. ಕೊನೆಯ ನಾಲ್ಕು ಬಿಲ್ಲೆಗಳು ಗೀರು ಬಿದ್ದ ಗಾಜಿನಂತೆ ಮಿಣಮಿಣ ಅನ್ನುತ್ತಿದ್ದವು, ಒಂದೂ ಬರಲಿಲ್ಲ.

"ನಮ್ಮ ಸಣ್ಣಬೀರ?" ಎಂದಳು ಕೊಟ್ರವ್ವ.

ಹೆಸರುಗಳು ಇಂಗ್ಲಿಷ್ ಅಕ್ಷರದ ಸಾಲಿನಲ್ಲಿದ್ದವು. ಹಿದಾಯತ್ ಅವಳ ಕಡೆ ನೋಡಲಿಲ್ಲ. "ಅವರು ಎಂಟನೇದರಾಗೆ ಇದ್ರು."

ಆ ನಾಲ್ಕರಲ್ಲಿ ಇದ್ದವರು ನಲವತ್ತೊಂದು ಜನ. ನಿಮ್ಮ ದಿನಗಳಿಗೆ ದಾಖಲೆ ಇಲ್ಲ, ಇವತ್ತಿನಿಂದ ಒಂದು ಎಂದು ಎಣಿಸಿಕೊಳ್ಳಿ ಎಂದಿತು ಆಫೀಸು. ಮಾಲೀಕರ ಕೈಯಿಂದ ದುಡ್ಡು ತಿಂದು ಹಿದಾಯತನೇ ಅಳಿಸಿದ ಎಂಬ ಮಾತು ಗೇಟಿನಲ್ಲಿ ಹುಟ್ಟಿ ಸಂಜೆಗೆ ಹರಿಹರ ಮುಟ್ಟಿತು. ವಾಮದೇವಪ್ಪ ಅವನನ್ನು ಗೇಟಿನೊಳಗೆ ಬಿಡಬೇಡಿ ಅಂದ. ಅವನ ಅಂಗಡಿಯ ಬೋರ್ಡಿಗೆ ಯಾರೋ ಸಗಣಿ ಬಳಿದರು. ಟೈಪ್‌ರೈಟರು ಕೊಟ್ಟಿದ್ದವರು ಹಾಗೇ ಎತ್ತಿಕೊಂಡು ಹೋದರು.

ಸಣ್ಣಬೀರಪ್ಪ ಅಕ್ಕನ ಮನೆಗೆ ಬಂದು ತಟ್ಟೆ ಮುಂದಿಟ್ಟುಕೊಂಡು ಕೂತ, ಉಣ್ಣಲಿಲ್ಲ. "ನಿನ್ನನ್ನ ರೀ ಅಂತಿದ್ನಲ್ಲ, ನಿನ್ನ ಹಿದಾಯತಣ್ಣ! ದಾರ್ಯಾಗೆ ಬಿದ್ದು ಕಾಲು ಬಾತಾಗೂ ಕುಂಟ್ಕೋತ ಹೋಗಿ ನಿಂತಿದ್ದೆ ಕಣಕ್ಕ. ಆ ದಿನಾನೂ ತಿಂದ್ನಲ್ಲ!"

ಕೊಟ್ರವ್ವ ತಟ್ಟೆಯನ್ನು ಅವನ ಹತ್ತಿರ ಸರಿಸಿದಳು. "ಉಣ್ಣೋ" ಅಂದಳು ಅಷ್ಟೆ.

ಎಂಟು ದಿನ ಹಾಗೇ ಸವೆಸಿ, ಒಂಬತ್ತನೆಯ ದಿನ ಹರಿಹರದ ಬಸ್ಸು ಹತ್ತಿದಳು. ಹಿದಾಯತ್ ಅಂಗಡಿಯಲ್ಲಿ ಟ್ರಂಕಿಗೆ ಸಾಮಾನು ತುಂಬುತ್ತಿದ್ದ. ಹೆಂಡತಿ ಬಿಲ್ಕೀಸ್ ಸ್ಕ್ರೂಗಳನ್ನು ಚೀಲಕ್ಕೆ ಕಟ್ಟುತ್ತಿದ್ದಳು. ರಾಣೆಬೆನ್ನೂರಿಗೆ ಅವಳ ಅಣ್ಣನ ಹತ್ತಿರ ಹೋಗುವುದೆಂದು ಆಗಿತ್ತು.

"ಬಂದ್ರಾ ನೋಡಾಕೆ?" ಎಂದಳು ಬಿಲ್ಕೀಸ್. "ವಿಭೂತಿ ತಂದೀರೇನು? ಟ್ರಂಕಿಗೊಂದು ಹಚ್ಚಿಬಿಡ್ರಿ, ಅದೊಂದು ಉಳಿದೈತೆ."

"ಬಿಲ್ಕೀಸ್, ಸುಮ್ನಿರು. ಕೂಡ್ರಿ ಕೊಟ್ರವ್ವ."

ಅವಳು ಕೂರಲಿಲ್ಲ. "ನಾಳೆ ಆಫೀಸಿನಾಗೆ ಹೇಳಿಬಿಡ್ತೀನಣ್ಣ. ನಾನೇ ಮಾಡಿದ್ದು ಅಂತೀನಿ."

"ಹೇಳಿದ್ರೆ ದಿನ ವಾಪಸ್ ಬರ್ತಾವೇನ್ರಿ? ನಿಮ್ಮನ್ನೂ ಹೊರಗೆ ಹಾಕ್ತಾರೆ. ಆ ವಾಮದೇವಪ್ಪಗೆ ಹೇಳಬ್ಯಾಡ್ರಿ. ಗೇಟಿನಾಗೂ ಬ್ಯಾಡ."

ಅವನು ಟ್ರಂಕಿನ ಚಿಲಕ ಹಾಕಿದ. ಅದು ಕೂರಲಿಲ್ಲ, ಮತ್ತೆ ತೆಗೆದ.

"ನಿನ್ನೆ ನಿಮ್ಮ ತಮ್ಮ ಬಂದಿದ್ರು ಇಲ್ಲಿಗೆ. ಹೊಡೀಲಿಲ್ಲ, ಬೈಲಿಲ್ಲ. ಆ ಬಾಗಿಲಾಗೆ ನಿಂತು ಅತ್ರು. ಎಷ್ಟು ಕೊಟ್ರೋ ಹಿದಾಯತ್, ಅಷ್ಟು ಹೇಳು ಸಾಕು, ನನ್ನ ಮೂರು ವರ್ಷ ಎಷ್ಟಕ್ಕೆ ಹೋತು ಅಂತ ಗೊತ್ತಾಗ್ಲಿ ಅಂದ್ರು. ನಾನು ಸುಮ್ನೆ ನಿಂತೆ, ನಿಮ್ಮ ಹೆಸರು ಬಾಯಿಗೆ ಬರಲಿಲ್ಲ." ಅವನು ಕೈಯಲ್ಲಿದ್ದ ಬ್ರಷ್ಷನ್ನು ಟ್ರಂಕಿಗೆ ಹಾಕಿದ. "ಊರೆಲ್ಲಾ ಏನಾದ್ರೂ ಅಂದ್ಕೊಳ್ಳಿ. ಅವರೊಬ್ಬರಿಗೆ ಹೇಳ್ರಿ ಕೊಟ್ರವ್ವ. ಹಿದಾಯತ್ ತಿಂದಿಲ್ಲ ಅಂತ, ನಿಮ್ಮ ಬಾಯಾಗೇ ಹೇಳ್ರಿ."