ಒತ್ತಿದ ಕೂಡಲೇ ಮೂಡಿದ ಅಕ್ಷರ

ಸುಲೋಚನಾ ಕುಲಕರ್ಣಿ ಗದಗಿನಿಂದ ವಡೋದರಾಕ್ಕೆ ಬಂದದ್ದು ಮದುವೆಯಾದ ವರ್ಷ. ಗಂಡ ಸೀತಾರಾಮ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದರು. ಟೈಪಿಂಗ್ ಬರುತ್ತಿದ್ದುದರಿಂದ ಸುಲೋಚನಾ ಅವರಿಗೂ ಒಂದು ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೂವತ್ತೊಂದು ವರ್ಷ ಕೀಲಿಗಳ ಕಡೆ ನೋಡದೆ ಟೈಪ್ ಮಾಡಿ ನಿವೃತ್ತರಾದರು. ಮಂಜಲ್‌ಪುರ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಮಾತೆಲ್ಲ ಗಂಡನದೇ. ಪೇಪರಿನ ಸುದ್ದಿ, ಪಕ್ಕದ ಮನೆಯವರ ಸ್ಕೂಟರು, ಸಾರಿನ ಹದ, ಎಲ್ಲದರ ಮೇಲೂ ಅವರದೊಂದು ಅಭಿಪ್ರಾಯ ಇರುತ್ತಿತ್ತು.

ಹೋದ ವರ್ಷ ಉತ್ತರಾಯಣದ ಹಬ್ಬ ಮುಗಿದ ಮಾರನೇ ದಿನ, ಗಾಳಿಪಟದ ದಾರಗಳು ಇನ್ನೂ ತಂತಿಗಳಿಗೆ ತೊಡರಿಕೊಂಡಿದ್ದಾಗ, ಸೀತಾರಾಮರಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು. ಮಾತು ನಿಂತಿತು; 'ಹಾಂ', 'ಬ್ಯಾಡ' ಎಂಬೆರಡು ಶಬ್ದಗಳು ಮಾತ್ರ ಉಳಿದವು. ಬುದ್ಧಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಮೂರು ತಿಂಗಳ ಮೇಲೆ ಸೀತಾರಾಮರೇ ಕಪಾಟಿನ ಕಡೆ ಕೈ ತೋರಿಸಿ ತಮ್ಮ ಹಳೆಯ ಪುಟ್ಟ ಲ್ಯಾಪ್‌ಟಾಪ್ ತರಿಸಿದರು. ಅದರ ಕೀಲಿಗಳಿಗೆ ಕನ್ನಡ ಅಕ್ಷರದ ಚೀಟಿಗಳನ್ನು ಅವರೇ ಎಂದೋ ಅಂಟಿಸಿದ್ದರು. ಎಡಗೈಯ ಒಂದೇ ಬೆರಳಿನಿಂದ 'ಫ್ಯಾನ್' ಎಂದು ಬರೆದರು. ಆ ದಿನ ಸುಲೋಚನಾ ಫ್ಯಾನ್ ಹಾಕಿ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತರು.

ಹದಿಮೂರು ವರ್ಷದ ಯಂತ್ರ. ಅದರ ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ ಕುಕ್ಕರು ಕೂಗಿ ಆರುತ್ತಿತ್ತು. ಅಹಮದಾಬಾದಿನ ಚಾಂದ್‌ಖೇಡಾದಲ್ಲಿರುವ ಮಗಳು ವಿಂಧ್ಯಾ ಒಂದು ಭಾನುವಾರ ಬಂದು ವಿಂಡೋಸ್ ತೆಗೆದು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿಕೊಟ್ಟಳು. ಪರದೆ ಚಂದವಾಯಿತು. ಅದರೊಳಗಿನ ಕಿಟಕಿಗಳು ತೇಲುತ್ತ ತೆರೆದು ತೇಲುತ್ತ ಮುಚ್ಚಿದವು. ಬರೆಯಲು ಕುಳಿತಾಗಲೇ ಕಷ್ಟ ಗೊತ್ತಾದದ್ದು. ಕೀಲಿ ಒತ್ತಿದರೆ ಅಕ್ಷರ ಕಾಣಿಸುವುದಕ್ಕೆ ಮೂರು ನಾಲ್ಕು ಕ್ಷಣ ಬೇಕು. ಒತ್ತಿಲ್ಲವೇನೋ ಎಂದುಕೊಂಡು ಸೀತಾರಾಮರು ಮತ್ತೆ ಒತ್ತುವರು. 'ನೀರು' ಎಂಬುದು 'ನೀರರರು' ಆಗುವುದು. ಅವರು ಬೆರಳನ್ನೇ ದಿಟ್ಟಿಸಿ ನೋಡುವರು. ನಾಲ್ಕನೇ ದಿನ ಮುಚ್ಚಳ ಮುಚ್ಚಿದವರು ಮತ್ತೆ ತೆರೆಯಲಿಲ್ಲ. ಎಡಗೈಯನ್ನು ತಲೆಗೆ ಮುಟ್ಟಿಸಿ, ಇಲ್ಲ ಎಂಬಂತೆ ಅಲ್ಲಾಡಿಸಿದರು.

ತಡ ತಮ್ಮ ತಲೆಯದೇ ಎಂದು ಅವರು ತಿಳಿದಿದ್ದಾರೆ. ಸುಲೋಚನಾ ಅವರಿಗೆ ಅದು ಹೊಳೆದದ್ದು ಆಗ. ಮಗಳಿಗೆ ಫೋನ್ ಮಾಡಿದರು.

"ಛೋಡೋ ನಾ, ಬಿಡು ಅಮ್ಮಾ. ನಾನು ಹೊಸಾ ಲ್ಯಾಪ್‌ಟಾಪ್ ಕಳಸ್ತೀನಿ," ಎಂದಳು ವಿಂಧ್ಯಾ.

"ಹೊಸಾದು ಬ್ಯಾಡ. ಅವರ ಬೆರಳಿಗೆ ಇದರ ಕೀಲಿ ಗೊತ್ತವ. ಇದನ್ನ ಚುರುಕ ಮಾಡೋದು ಹೆಂಗ, ಹೇಳು. ನಾ ಟೈಪ್ ಮಾಡ್ತೀನಿ."

"ನೀನಾ?"

"ಮತ್ತ ಯಾರು?"

ಮಧ್ಯಾಹ್ನ ಊಟದ ಬಿಡುವಿನಲ್ಲಿ ವಿಂಧ್ಯಾ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದಳು. ತಾಯಿ ಯಂತ್ರಕ್ಕೆ ಆದೇಶ ಕೊಡುವ ಕಪ್ಪು ಕಿಟಕಿಯೊಳಗೆ ಟೈಪ್ ಮಾಡಿದರು. ಪಾಸ್‌ವರ್ಡ್ ಕೇಳಿತು. ಎಷ್ಟು ಒತ್ತಿದರೂ ಒಂದು ಚುಕ್ಕಿಯೂ ಕಾಣಲಿಲ್ಲ.

"ಇದೂ ಕೆಟ್ಟಂಗದ, ವಿಂಧ್ಯಾ."

"ಇಲ್ಲಮ್ಮಾ, ಅದು ದಿಖ್ತಾ ನಹೀ, ಕಾಣೋದೇ ಇಲ್ಲ. ಪೂರಾ ಬರ್ದು ಎಂಟರ್ ಒತ್ತು."

ನೋಡದೆ ಟೈಪ್ ಮಾಡಿ ರೂಢಿಯಾದ ಕೈ, ಪಾಸ್‌ವರ್ಡ್ ಸರಿಯಾಗಿಯೇ ಬಿತ್ತು. ಕೆಲಸವೆಲ್ಲ ಮುಗಿಯಲು ಎರಡು ಮಧ್ಯಾಹ್ನ ಹಿಡಿಯಿತು. ಮೊದಲು ಯಂತ್ರ ಚಾಲೂ ಆದಾಗ ತಾವಾಗಿಯೇ ಏಳುತ್ತಿದ್ದ ಹನ್ನೊಂದು ಕೆಲಸಗಳ ಪಟ್ಟಿ ತೆರೆದು, ಬೇಡದ ಎಂಟನ್ನು ನಿಲ್ಲಿಸಿದರು. ಹಿನ್ನೆಲೆಯಲ್ಲಿ ಕೂತು ಫೈಲುಗಳನ್ನೆಲ್ಲ ಜಾಲಾಡುತ್ತಿದ್ದ ಒಂದು ಪ್ರೋಗ್ರಾಮನ್ನು ಕಿತ್ತುಹಾಕಿದರು. ಕೊನೆಗೆ, ತೇಲುವ ಕಿಟಕಿಗಳ ಆ ಚಂದದ ಡೆಸ್ಕ್‌ಟಾಪಿನ ಬದಲು ಹಗುರವಾದ ಇನ್ನೊಂದನ್ನು ಇಳಿಸಿಕೊಂಡರು. ಅದು ಬೋಳುಬೋಳಾಗಿತ್ತು, ತಮ್ಮ ಕಚೇರಿಯ ಹಳೆಯ ಕಂಪ್ಯೂಟರಿನ ಹಾಗೆ. ಸುಲೋಚನಾ 'ಅ' ಒತ್ತಿದರು. 'ಅ' ಬಂತು. ಇನ್ನೊಮ್ಮೆ ಒತ್ತಿ ನೋಡಿದರು.

ಸೀತಾರಾಮರು ಹತ್ತಿರ ಬರಲು ಒಪ್ಪಲಿಲ್ಲ. "ಬ್ಯಾಡ," ಎಂದರು.

"ನೀವು ಬರೀಬ್ಯಾಡ್ರಿ. ಸುಮ್ನ ಒಂದ ಕೀಲಿ ಒತ್ರಿ. ಸಿಗ್ನಲ್‌ನವರು ನೀವು, ತಪ್ಪು ನಿಮ್ಮ ಕಡೀದೋ ತಂತೀದೋ, ನೀವ ಹೇಳ್ರಿ."

ಬೆರಳು ಹಿಂಜರಿಯುತ್ತ ಇಳಿಯಿತು. ಅಕ್ಷರ ಕೂಡಲೇ ಮೂಡಿತು. ಇನ್ನೊಂದು ಒತ್ತಿದರು. ಅದೂ ಮೂಡಿತು. ಅವರು ಹೆಂಡತಿಯ ಮುಖ ನೋಡಿ, ಮತ್ತೆ ಬಾಗಿ, ನಿಧಾನವಾಗಿ ಬರೆದರು: 'ತಡ ಆಗಿದ್ದು ನಾನಲ್ಲ.'

"ಅಲ್ಲ," ಎಂದರು ಸುಲೋಚನಾ. "ಒಂದ ದಿನಾನೂ ನೀವಲ್ಲ."

ಸೀತಾರಾಮರ ಕಣ್ಣುಗಳು ಒದ್ದೆಯಾದವು. ಈಕೆ ಸೆರಗಿನಿಂದ ಒರೆಸಿದರು. ಅವರು ತಲೆ ತಿರುಗಿಸಲಿಲ್ಲ.

ಬ್ರೌಸರ್ ಈಗಲೂ ತೆರೆದುಕೊಳ್ಳಲು ತೆವಳುತ್ತದೆ. ಅದನ್ನು ಇಬ್ಬರೂ ಮುಟ್ಟುವುದಿಲ್ಲ. ಸೀತಾರಾಮರು ದಿನಕ್ಕೆ ಒಂದು ಪುಟದಷ್ಟು ಬರೆಯುತ್ತಾರೆ. ಮಗಳಿಗೆ ಕನ್ನಡದಲ್ಲೇ ಪತ್ರ, ವಡೋದರಾದಲ್ಲೇ ಬೆಳೆದ ಅವಳು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ ಅವರು ತಟ್ಟೆ ಸರಿಸಿ, ಲ್ಯಾಪ್‌ಟಾಪ್ ಎಳೆದುಕೊಂಡು, 'ಸಾರಿಗೆ ಉಪ್ಪು ಕಡಿಮಿ' ಎಂದು ಬರೆದು ಪರದೆಯನ್ನು ಹೆಂಡತಿಯ ಕಡೆ ತಿರುಗಿಸಿದರು.

"ಡಾಕ್ಟರು ಅಷ್ಟ ಹಾಕಂದಾರ," ಎಂದರು ಸುಲೋಚನಾ.

ಅವರು ಆಗಲೇ ಮುಂದಿನ ಸಾಲು ಶುರುಮಾಡಿದ್ದರು.