‘ಶೋಯೆತ್’ ಹುಡುಕಿಕೊಂಡು ಹೋದ ದೇವಪ್ಪ

ಕುಮಟಾದ ತಾಲೂಕು ಕಚೇರಿ ಎದುರು ಟೈಪ್ ಮೆಶಿನ್ ಇಟ್ಟುಕೊಂಡು ಅರ್ಜಿ ಬರೆಯುತ್ತಿದ್ದ ದೇವಪ್ಪ ಮಹಾ ವಿದ್ವಾಂಸ. ಹಾಗಂತ ಅವನೇ ಹೇಳುತ್ತಿದ್ದ. ಪಕ್ಕದಲ್ಲಿ ಚಾ ಅಂಗಡಿ ಇಟ್ಟ ಕರ್ಮಕ್ಕೆ ನಾನು ಇಪ್ಪತ್ತು ವರ್ಷ ಕೇಳಿಸಿಕೊಂಡೆ. ಕಚೇರಿಗೆ ಕನ್ನಡದ ಅರ್ಜಿ ಸಾಕಿತ್ತು, ದೇವಪ್ಪನ ಘನತೆಗೆ ಸಾಲುತ್ತಿರಲಿಲ್ಲ. ಅವನದು ಇಂಗ್ಲಿಷೇ. ಮೊದಲ ಸಾಲಿನಲ್ಲೇ ‘ಶೋಯೆತ್’ ಎಂಬ ಹಳೇ ಕ್ರಿಯಾಪದ ಕೂರಬೇಕು. ‘ಈ ಅರ್ಜಿ ಅರಿಕೆ ಮಾಡುತ್ತದೆ’ ಅಂತ ಅರ್ಥವಂತೆ. ಸತ್ತ ಎಮ್ಮೆಗೂ ಶೋಯೆತ್, ಕಳೆದ ರೇಶನ್ ಕಾರ್ಡಿಗೂ ಶೋಯೆತ್.

೧೯೭೮ರಲ್ಲಿ ಮೀನು ಮಾರುವ ಮಾಸ್ತಮ್ಮ ಬಂದಳು. ಗಂಡ ಇಲ್ಲ. ಕಡಲ ದಂಡೆಯ ಅವಳ ಗುಡಿಸಲು ಸರ್ಕಾರಿ ಜಾಗದಲ್ಲಿದೆ, ತೆಗೆಯಿರಿ ಎಂದು ನೋಟೀಸು. ತಕರಾರಿದ್ದರೆ ಸೋಮವಾರದೊಳಗೆ ಕೊಡಬೇಕು.

“ಹೆದ್ರಬೇಡ ಮಾಸ್ತಮ್ಮ, ಇಂಗ್ಲಿಷಲ್ಲೇ ಹೊಡಿತೆ” ಎಂದ ದೇವಪ್ಪ.

ಅರ್ಜಿ ಟೈಪಾಯಿತು. ತನ್ನ ಸೀಲು ಹೊಡೆಯುವುದೊಂದು ಬಾಕಿ. ಚಾ ಕುಡಿಯುತ್ತಿದ್ದ ಹೊಸ ವಕೀಲನೊಬ್ಬ ಇಣುಕಿ, “ಇದೆಂತ ಶಬ್ದ ಮಾರಾಯ್ರೆ? ಎಲ್ಲಿಂದ ತಂದ್ರಿ?” ಎಂದು ನಕ್ಕ. ಮೂಲ ಗೊತ್ತಿಲ್ಲದ ಶಬ್ದಕ್ಕೆ ಸೀಲು ಹೊಡೆಯಬಾರದು ಎಂಬುದು ದೇವಪ್ಪನಿಗೆ ಅರ್ಜಿ ಬರೆಯಲು ಕಲಿಸಿದ ಗುರು ಕೊಟ್ಟ ವ್ರತ. ಪುಣ್ಯಾತ್ಮ ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡು ಶುಕ್ರವಾರ ಬಸ್ಸು ಹತ್ತಿಯೇಬಿಟ್ಟ.

ಹೊನ್ನಾವರದ ಪಾದ್ರಿ ಹಳೇ ಬೈಬಲ್ ತೆಗೆದು ಆ ಶಬ್ದ ತೋರಿಸಿದರು. ಇಂಗ್ಲೆಂಡಿನ ಜನ ಆ ರೂಪವನ್ನು ಆಡುವುದು ಬಿಟ್ಟು ಮುನ್ನೂರು ವರ್ಷವಾಯಿತಂತೆ. ಬುದ್ಧಿ ಇದ್ದವನಿಗೆ ಅಷ್ಟು ಸಾಕು. ಇವನಿಗೆ, ನಮ್ಮ ಕಡೆಗೆ ಅದನ್ನು ತಂದವರು ಯಾರು ಎಂಬ ಇನ್ನೊಂದು ಹುಳ ಹೊಕ್ಕಿತು. ಭಟ್ಕಳದ ಕಚೇರಿಯಲ್ಲಿದ್ದ ಮುದಿ ಗುಮಾಸ್ತನಿಗೆ ಗೊತ್ತು ಎಂದರು ಪಾದ್ರಿ. ಗುಮಾಸ್ತ ಮದುವೆಗೆ ಹೋಗಿದ್ದ. ನಮ್ಮ ವಿದ್ವಾಂಸ ಮೂರು ದಿನ ಅವನ ಜಗುಲಿಯಲ್ಲಿ ಕಾದ. ಕೊನೆಗೆ ಗುಮಾಸ್ತ ಬಂದು ಪೆಟ್ಟಿಗೆಯಿಂದ ಒಂದು ಮಾದರಿ ಅರ್ಜಿ ತೆಗೆದ.

“ಇದ್ನ ನೋಡ್ಕಂಡೇ ನಾವೆಲ್ಲ ಬರ್ದದ್ದು.”

ಕೆಳಗೆ ಕುಮಟಾದ ಸೀಲು. ದೇವಪ್ಪನ ಗುರುವಿನದೇ!

ಬುಧವಾರ ಅವನು ಬಸ್ಸಿಂದ ಇಳಿದಾಗ ಮಾಸ್ತಮ್ಮ ನನ್ನ ಬೆಂಚಿನ ಮೇಲೆ ಪಾತ್ರೆಗಳ ಗಂಟು ಇಟ್ಟುಕೊಂಡು ಕೂತಿದ್ದಳು. ಬೆಳಿಗ್ಗೆ ಗುಡಿಸಲು ಕಿತ್ತಿದ್ದರು. ಅವನು ಎಲ್ಲಿಗೆ, ಯಾಕೆ ಹೋದ ಎಂದು ಅವಳಿಗೆ ಸೋಮವಾರವೇ ಹೇಳಿದ್ದೆ. ಕನ್ನಡದಲ್ಲಿ ನಾನೇ ಬರೆದುಕೊಡುತ್ತೇನೆ ಎಂದೂ ಅಂದಿದ್ದೆ. “ಬೇಡ, ದೇವಪ್ಪಣ್ಣ ಬತ್ತ” ಎಂದು ಸಂಜೆವರೆಗೆ ಕಾದಳು.

ದೇವಪ್ಪ ಚೀಲದಿಂದ ಅರ್ಜಿ ತೆಗೆದು ಸೀಲು ಹುಡುಕತೊಡಗಿದ. ಅವಳು ಸಿಟ್ಟಿಲ್ಲದೆ ಕೇಳಿದಳು:

“ಆ ಶಬ್ದದ ಮನೆ ಸಿಕ್ತಾ, ದೇವಪ್ಪಣ್ಣ?”