ತಿಮ್ಮನನ್ನು ಹಿಡಿದ ದಿನ

ಯಲ್ಲಾಪುರದ ನಾಟಾ ಡಿಪೋದಲ್ಲಿ ತಿಮ್ಮ ಸಿದ್ದಿ ದಿಮ್ಮಿ ಉರುಳಿಸುತ್ತಿದ್ದ. ನಾನು ಅಲ್ಲೇ ಕಾರಕೂನ. ಮಾಗೋಡಿನ ಹಾದಿಯಲ್ಲಿದ್ದ ಅವನ ಕೇರಿಯಲ್ಲಿ ಎಲ್ಲರದೂ ಅವನಂಥದೇ ಕಪ್ಪು ಮೈ, ಗುಂಗುರು ಕೂದಲು. ಅವರ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದರಂತೆ. ಹಾಗೆ ಹಿಡಿದು ತರುವಾಗ ಅವರನ್ನು ಮುಟ್ಟಲು ಯಾರಿಗೂ ಅಡ್ಡಿಯಿರಲಿಲ್ಲ ಎಂಬುದನ್ನು ಗಮನಿಸಬೇಕು.

ತಿಮ್ಮನಿಗೆ ಹುತುತು ಹುಚ್ಚು. ಈಗ ಕಬಡ್ಡಿ ಎನ್ನುತ್ತಾರಲ್ಲ, ಅದೇ. ಒಂದೇ ಉಸಿರಿನಲ್ಲಿ ಎದುರಿನ ಅಂಗಳವನ್ನೆಲ್ಲ ಸುತ್ತಿ ಬರುತ್ತಿದ್ದ. ಆದರೆ ಅವನನ್ನು ಯಾರೂ ಹಿಡಿಯುತ್ತಿರಲಿಲ್ಲ. ಅವನು ಒಳಗೆ ಬಂದನೆಂದರೆ ಕೆಂಡ ತುಳಿದವರಂತೆ ಹಾರಿ ಬದಿಗೆ ಸರಿಯುತ್ತಿದ್ದರು. ಅವನು ಒಬ್ಬಿಬ್ಬರನ್ನು ಮುಟ್ಟಿ ಔಟು ಮಾಡಿ, ಸಂತೆಯಿಂದ ಮನೆಗೆ ಹೋಗುವವನ ಹಾಗೆ ನಡೆದು ಬರುತ್ತಿದ್ದ. ಗೆದ್ದ ದಿನವೂ ಮುಖ ಸಪ್ಪೆ.

"ಹಿಡಿಯೋರೇ ಇಲ್ಲದಿದ್ರೆ ಎಂತ ಆಟ ರಾಯರೇ?" ಎಂದು ಒಮ್ಮೆ ನನ್ನನ್ನು ಕೇಳಿದ್ದ. "ಒಂದ್ಸಲ ಯಾರಾದ್ರೂ ನನ್ನ ಕೆಡವಬೇಕು."

ಸಿರಸಿ, ಸಿದ್ದಾಪುರ, ಯಲ್ಲಾಪುರ ಮೂರಕ್ಕೂ ಸೇರಿ ಒಂದು ಆಟೋಟ ಸಂಘವಿತ್ತು. ರಾಜ್ಯ ಒಂದಾದ ಮರುವರ್ಷವೇ ಅದು, ಆಟದಲ್ಲಿ ಜಾತಿ, ಬಣ್ಣ ನೋಡತಕ್ಕದ್ದಲ್ಲ ಎಂದು ಠರಾವು ಮಾಡಿ, ಹಲಗೆ ಬರೆಸಿ, ಸಿರಸಿಯ ಕಚೇರಿಯ ಬಾಗಿಲಿಗೆ ತೂಗುಹಾಕಿತ್ತು. ಅಧ್ಯಕ್ಷ ಕಮಲಾಕರ ಹೆಗಡೆಯವರು ಒಳ್ಳೆಯ ಮನುಷ್ಯರು. ಕಡೆಗೆ ಯಾರು ಮಾತಾಡಿದರೋ ಅವರದೇ ಸರಿ ಎನ್ನುವಷ್ಟು ಒಳ್ಳೆಯವರು.

ಅರವತ್ತನೇ ಇಸವಿಯ ಪಂದ್ಯಗಳಲ್ಲಿ ನಮ್ಮ ಡಿಪೋ ತಂಡಕ್ಕೆ ಸೋತ ಸಿದ್ದಾಪುರದವರು ತಕರಾರು ತಂದರು. ಅವರ ನಾಯಕ ದೊಡ್ಮನೆಯ ಗಣಪ, ಅಧ್ಯಕ್ಷರಿಗೆ ತಮ್ಮ ಮನೆಮಾತಿನಲ್ಲೇ ಹೇಳಿದ: "ಆನು ಅಂವನ್ನ ಹಿಡಿತ್ನಿಲ್ಲೆ ಮಾವಾ. ಹಿಡಿದ್ರೆ, ಮೀಯದೆ ಆಯಿ ಒಳಗೆ ಬಿಡ್ತಿಲ್ಲೆ."

ತಿಮ್ಮನನ್ನು ಮುಟ್ಟಿ ಬಂದರೆ ಸ್ನಾನ ಮಾಡದೆ ತಾಯಿ ಮನೆಯೊಳಗೆ ಬಿಡುವುದಿಲ್ಲವಂತೆ. ಹಿಡಿಯಲಾಗದವನನ್ನು ಆಡಿಸುವುದು ಹಿಡಿಯಬೇಕಾದವರಿಗೆ ಅನ್ಯಾಯ ಎಂಬುದು ತಕರಾರಿನ ಸಾರ. ಸಂಘಕ್ಕೆ ಅದು ನ್ಯಾಯವಾಗಿಯೇ ಕಂಡಿತು. ತಾನು ಬಣ್ಣ ನೋಡುವುದಿಲ್ಲ, ಆದರೆ ಬಣ್ಣದಿಂದ ಯಾರೂ ಲಾಭ ಪಡೆಯಲೂ ಬಿಡುವುದಿಲ್ಲ ಎಂದು ತಿಮ್ಮನನ್ನು ಫೈನಲ್‌ನಿಂದ ಕೈಬಿಟ್ಟಿತು.

ತಿಮ್ಮನಿಲ್ಲದೆ ಅಂಗಳಕ್ಕಿಳಿಯುವುದಿಲ್ಲ ಎಂದು ನಮ್ಮ ಹುಡುಗರು ಹಟ ಹಿಡಿದರು. ಫೈನಲ್ ಯಲ್ಲಾಪುರದಲ್ಲಿ, ತಾಲೂಕಿನ ಅಧಿಕಾರಿ ಮಾಮಲೇದಾರರನ್ನೂ ಕರೆದಾಗಿತ್ತು. ಸಂಘ ಮತ್ತೆ ಕೂಡಿತು. ಈಗ ಅದಕ್ಕೆ ಬಾಗಿಲಿನ ಹಲಗೆ ನೆನಪಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ತಲೆ ಕೆರೆದು, ಒಂದು ಉಪಾಯ ತೆಗೆಯಿತು. ಅದನ್ನು ತಿಳಿಸಲು ಕಮಲಾಕರ ಹೆಗಡೆಯವರು ತಾವೇ ಡಿಪೋಗೆ ಬಂದರು.

"ನೀ ಆಡು ತಿಮ್ಮಾ, ಅಡ್ಡಿಲ್ಲ. ನಿನ್ನ ಹಿಡಿದವರಿಗೆ ಮೀಯಲಿಕ್ಕೆ ಬಿಸಿನೀರು ಸಂಘದಿಂದ್ಲೇ ಆತು."

"ಹಾಂಗಾದ್ರೆ ಹಿಡೀತಾರಾ ಒಡೆಯಾ?" ಎಂದು ತಿಮ್ಮ ಕೇಳಿದ. ಅವನಿಗೆ ಬೇಕಾದ್ದು ಅದೊಂದೇ.

ಮೈದಾನದ ಹಿಂದೆ ತಾಮ್ರದ ಹಂಡೆಗಳನ್ನು ಹೂಡಿದರು. ಅವುಗಳಿಗೆ ಡಿಪೋದಿಂದ ಕಟ್ಟಿಗೆ ಹೊತ್ತು ಹಾಕಿದವನೂ ತಿಮ್ಮನೇ. ನನಗೆ ಆ ಹಂಡೆಗಳನ್ನು ಒದ್ದು ಉರುಳಿಸೋಣ ಎನ್ನಿಸಿತ್ತು. ತಿಮ್ಮ ಮಾತ್ರ ಮದುವೆ ಮನೆಯವನ ಹಾಗೆ ಓಡಾಡುತ್ತಿದ್ದ.

ಎದುರಿಗೆ ಸಿರಸಿಯ ತಂಡ. ಅದರ ನಾಯಕ ಬನವಾಸಿ ಕಡೆಯ ಶಿವಲಿಂಗಪ್ಪ. ಮೊದಮೊದಲು ಅವರೂ ಹಾರಿ ಸರಿದರು. ಆಟ ಮುಗಿಯುವ ಹೊತ್ತಿಗೆ ಇಬ್ಬರದೂ ಸಮಸಮ. ತಿಮ್ಮ ಉಸಿರು ಕಟ್ಟಿ ಒಳಗೆ ನುಗ್ಗಿದ. "ಹಿಡೀರ್ಲೇ, ನೀರು ಕಾದೈತಿ!" ಎಂದು ಕೂಗಿ ಶಿವಲಿಂಗಪ್ಪ ಅವನ ಕಾಲಿಗೆ ಬಿದ್ದ. ಇನ್ನಿಬ್ಬರು ಸೊಂಟಕ್ಕೆ ಜೋತುಬಿದ್ದರು. ತಿಮ್ಮ ಬಿಟ್ಟುಕೊಡಲಿಲ್ಲ, ಮೂವರನ್ನೂ ಎಳೆದುಕೊಂಡೇ ತೆವಳಿದ. ಗೆರೆ ಇನ್ನೊಂದು ಗೇಣಿರುವಾಗ ಉಸಿರು ಮುಗಿಯಿತು. ನಾವು ಸೋತೆವು. ಅವನು ಬಾಯಿತುಂಬ ಮಣ್ಣಿಟ್ಟುಕೊಂಡು ನಗುತ್ತ ಎದ್ದ. ಆ ನಗುವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಶಿವಲಿಂಗಪ್ಪ ಅವನ ಬೆನ್ನು ತಟ್ಟಿ, ಭಾರಿ ಗಟ್ಟಿಯಾಳು ಎಂದು ಹೊಗಳಿದ. ಆಮೇಲೆ ಆ ಇಬ್ಬರನ್ನು ಕರೆದುಕೊಂಡು ಹಂಡೆಗಳ ಕಡೆ ಹೋದ. ಅವರ ತಂಡದ ಉಳಿದವರು ಅದೇ ಧೂಳು ಮೈಯಲ್ಲಿ, ಕೈಕಾಲಿಗಷ್ಟು ನೀರು ಹಾಕಿಕೊಂಡು ಊಟಕ್ಕೆ ಕುಳಿತರು. ತಿಮ್ಮ ನಿಂತು ನೋಡಿದ. ಹಂಡೆಯ ಹತ್ತಿರ ಮೂವರು, ಎಲೆಯ ಮುಂದೆ ಉಳಿದವರೆಲ್ಲ. ನಗು ಎಲ್ಲಿ ಹೋಯಿತೋ. ಸಂಘವು ಭೇದಭಾವದ ಬೇರು ಕಿತ್ತಿತೆಂದು ಅಧ್ಯಕ್ಷರು ಭಾಷಣ ಮಾಡಿದರು; ಮಾಮಲೇದಾರರು ಚಪ್ಪಾಳೆ ತಟ್ಟಿದರು.

ಸಂಜೆ ನಾನೂ ಅವನ ಜೊತೆ ಕೇರಿಯವರೆಗೆ ನಡೆದೆ. ಆಟವಿದ್ದ ದಿನವೆಲ್ಲ ಮಾಡುವಂತೆ ಅವನ ಹೆಂಡತಿ ಮಂಜಿ ನೀರು ಕಾಯಿಸಿಟ್ಟಿದ್ದಳು. ಆರುವುದರೊಳಗೆ ಮೀಯಲು ಹೇಳಿದಳು. ತಿಮ್ಮ ಜಗಲಿಯಲ್ಲಿ ಕುಳಿತು, ಮೊಣಕಾಲಿನ ಮೇಲೆ ಶಿವಲಿಂಗಪ್ಪನ ಉಗುರು ಗೀರಿದ ಗುರುತನ್ನು ನೋಡಿಕೊಳ್ಳುತ್ತಿದ್ದ.

"ಅವರು ಮಿಂದ್ರು," ಎಂದ. "ನನಗೆ ಅವರಿಂದ ಏನೂ ಹತ್ತಿಲ್ಲ. ನಾ ಯಾಕೆ ಮೀಯಲಿ?"

ಮಂಜಿ ನೀರು ಆರುವವರೆಗೆ ಕಾದಳು. ಆಮೇಲೆ ಆ ನೀರಿನಲ್ಲಿ ಪಾತ್ರೆ ತೊಳೆದಳು.